ಮಳೆಯಲ್ಲಿ ಟಾರ್ಚಿನ ಬೆಳಕು ಎಲ್ಲಿಗೆ ಹೋಗುತ್ತದೆ?

ಬಿರುಗಾಳಿಯ ರಾತ್ರಿ ಕರೆಂಟು ಹೋದರೆ ಮನೆಯೊಳಗೆ ಓಡಾಡಲು ಮೊಬೈಲಿನ ದೀಪ ಸಾಕು. ಹೊರಗೆ ಕಾಲಿಟ್ಟರೆ ಸಾಲದು. ಮುರಿದು ಬಿದ್ದ ಕೊಂಬೆಗಳ ನಡುವೆ ವಿದ್ಯುತ್ ತಂತಿ ಸಿಕ್ಕಿಕೊಂಡಿದೆಯೇ ಎಂಬುದು ಹತ್ತಿರ ಹೋಗುವ ಮೊದಲೇ ತಿಳಿಯಬೇಕು. ಅಂಥ ತಂತಿಯಿಂದ ಕನಿಷ್ಠ 10 ಮೀಟರ್ ದೂರವಿರಬೇಕು. ಮೊಬೈಲಿನ ಬೆಳಕು ಅಷ್ಟರೊಳಗೆ ಹರಡಿ ತೆಳುವಾಗಿಬಿಡುತ್ತದೆ. ಪ್ರಖರ ಟಾರ್ಚು ಬೇಕಾಗುವುದು ಇಲ್ಲಿಯೇ.

ಟಾರ್ಚಿನ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಇರುವುದು ಲುಮೆನ್, ಅಂದರೆ ಹೊರಬೀಳುವ ಒಟ್ಟು ಬೆಳಕಿನ ಲೆಕ್ಕ. ಬೆಳಕು ಎಷ್ಟು ದೂರ ಮುಟ್ಟುತ್ತದೆ ಎಂದು ತಿಳಿಯಲು ಕ್ಯಾಂಡೆಲಾ ನೋಡಬೇಕು. ಒಂದೇ ದಿಕ್ಕಿಗೆ ಬೆಳಕು ಎಷ್ಟು ದಟ್ಟವಾಗಿ ಸಾಗುತ್ತದೆ ಎಂಬುದರ ಅಳತೆ ಅದು. ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಬೆಳಕು 0.25 ಲಕ್ಸ್‌ಗೆ, ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಿನಷ್ಟಕ್ಕೆ, ಇಳಿಯುವ ಜಾಗವನ್ನೇ ಟಾರ್ಚು ಮುಟ್ಟುವ ದೂರವೆಂದು ಡಬ್ಬಿಯ ಮೇಲೆ ಬರೆಯುತ್ತಾರೆ. ಈ ಲೆಕ್ಕದಲ್ಲಿ 10,000 ಕ್ಯಾಂಡೆಲಾಕ್ಕೆ 200 ಮೀಟರ್. ಕ್ಯಾಂಡೆಲಾ ನಾಲ್ಕು ಪಟ್ಟಾಗಿ 40,000ಕ್ಕೆ ಏರಿದರೂ ದೂರ ಹೆಚ್ಚುವುದು 400 ಮೀಟರಿಗಷ್ಟೇ, ಏಕೆಂದರೆ ದೂರ ಎರಡರಷ್ಟಾದಾಗ ಬೆಳಕು ಕಾಲುಭಾಗಕ್ಕೆ ಕುಗ್ಗುತ್ತದೆ. ಬೆಳದಿಂಗಳಲ್ಲಿ ಮರದ ಆಕಾರ ಕಂಡೀತು, ಅದರಲ್ಲಿ ತೊಡರಿದ ತಂತಿ ಕಾಣದು. ಹಾಗಾಗಿ ಬರೆದ ದೂರದ ಅರ್ಧವನ್ನಷ್ಟೇ ನಂಬುವುದು ಒಳ್ಳೆಯದು.

ಅದೂ ತಿಳಿಯಾದ ಗಾಳಿಯಲ್ಲಿ. ಸುರಿಯುವ ಮಳೆಯಲ್ಲಿ ಪ್ರತಿ ಹನಿಯೂ ಒಂದಿಷ್ಟು ಬೆಳಕನ್ನು ನಮ್ಮತ್ತಲೇ ತಿರುಗಿಸುತ್ತದೆ. ಕಣ್ಣಿನ ಮುಂದೆಯೇ ಬೀಳುವ ಹನಿಗಳು ದೂರದ ಮರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೆಳಗುತ್ತವೆ. ಟಾರ್ಚಿನ ಪ್ರಖರತೆಯನ್ನು ಪೂರ್ತಿ ಏರಿಸಿದರೆ ಎದುರಿಗೆ ಬಿಳಿಯ ಪರದೆ ಇಳಿಬಿಟ್ಟಂತಾಗುತ್ತದೆ. ಇದಕ್ಕೆ ಪರಿಹಾರ ಟಾರ್ಚು ಹಿಡಿಯುವ ರೀತಿಯಲ್ಲಿದೆ. ಅದನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಮೈಯಿಂದ ತುಸು ಆಚೆಗೆ ಹಿಡಿಯಿರಿ. ಆಗ ಬೆಳಕಿನ ದಾರಿ ಮತ್ತು ನೋಟದ ದಾರಿ ಬೇರೆಬೇರೆಯಾಗಿ, ಕಣ್ಣಿನ ಹತ್ತಿರದ ಹನಿಗಳು ಕತ್ತಲಲ್ಲೇ ಉಳಿಯುತ್ತವೆ. ವಾಹನಗಳ ಮಂಜಿನ ದೀಪವನ್ನು ತಗ್ಗಿನಲ್ಲಿ ಕೂರಿಸುವುದೂ ಇದಕ್ಕಾಗಿಯೇ. ಹಣೆಗೆ ಕಟ್ಟಿಕೊಳ್ಳುವ ದೀಪ ಕೈಗಳನ್ನು ಬಿಡುವಾಗಿಸುತ್ತದೆ ನಿಜ, ಆದರೆ ಜೋರು ಮಳೆಯಲ್ಲಿ ಅದರಷ್ಟು ಕಣ್ಣು ಕೋರೈಸುವ ದೀಪ ಇನ್ನೊಂದಿಲ್ಲ.

ರಾಡಿ ನೀರಿನ ಆಳವನ್ನಂತೂ ಯಾವ ಟಾರ್ಚೂ ತೋರಿಸದು. ಓರೆಯಾಗಿ ಬಿದ್ದ ಬೆಳಕಿನ ಒಂದು ಪಾಲು ಮೇಲ್ಮೈಯಿಂದಲೇ ಜಾರುತ್ತದೆ, ಉಳಿದದ್ದು ಮಣ್ಣಿನ ಕಣಗಳಿಗೆ ತಾಗಿ ಚದುರುತ್ತದೆ.

ಬ್ಯಾಟರಿಯ ಮಾತು ಬೇರೆ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಒಳ್ಳೆಯ ಲಿಥಿಯಂ ಅಯಾನ್ ಸೆಲ್ಲಿನಲ್ಲಿ ಸುಮಾರು 12 ವಾಟ್-ಗಂಟೆ ಶಕ್ತಿ ಇರುತ್ತದೆ. ಒಂದು ವಾಟ್‌ಗೆ 100 ಲುಮೆನ್ ಕೊಡುವ ಎಲ್‌ಇಡಿಯನ್ನು 1,000 ಲುಮೆನ್‌ನಲ್ಲಿ ಉರಿಸಿದರೆ ಅದು ಒಂದು ಗಂಟೆಗೆ ಚೂರು ಹೆಚ್ಚು ಬಾಳಬಹುದು. ಚಿಕ್ಕ ಟಾರ್ಚುಗಳು ಬಿಸಿಯೇರಿ ಕೆಲವೇ ನಿಮಿಷಗಳಲ್ಲಿ ತಾವಾಗಿಯೇ ತಗ್ಗುವುದೂ ಉಂಟು. ಅದೇ ಸೆಲ್ 20 ಲುಮೆನ್‌ನಲ್ಲಿ ಎರಡು ದಿನ ದಾಟಬಲ್ಲದು. ಒಂದು ಮೇಣದಬತ್ತಿಯ ಬೆಳಕು ಸುಮಾರು 12 ಲುಮೆನ್, ಅದೂ ಬೆಂಕಿಯ ಅಪಾಯದೊಂದಿಗೆ. ಬಿಳಿಯ ಚಾವಣಿಗೆ ಟಾರ್ಚನ್ನು ಮುಖ ಮಾಡಿಟ್ಟರೆ 20 ಲುಮೆನ್ ಇಡೀ ಕೋಣೆಗೆ ಹಂಚಿಹೋಗುತ್ತದೆ. ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ 20ರಿಂದ 30 ನಿಮಿಷ ಬೇಕು. ಹಾಗೆ ಹೊಂದಿಕೊಂಡವರ ಮುಖಕ್ಕೆ ದಯವಿಟ್ಟು ಟಾರ್ಚು ಬಿಡಬೇಡಿ.

ಪೂರ್ತಿ ಪ್ರಖರತೆಯನ್ನು ಕಾಯ್ದಿಟ್ಟುಕೊಳ್ಳಬೇಕಾದದ್ದು ಸಹಾಯಕ್ಕೆ ಕರೆಯಲು. ವಸ್ತುವೊಂದನ್ನು ನೋಡಬೇಕಾದರೆ ಬೆಳಕು ಹೋಗಿ ಮರಳಬೇಕು. ಸಹಾಯಕ್ಕೆ ಕರೆಯಲು ಬೆಳಕು ಅತ್ತ ತಲುಪಿದರೆ ಸಾಕು. 10,000 ಕ್ಯಾಂಡೆಲಾದ ಟಾರ್ಚನ್ನು 2 ಕಿಲೋಮೀಟರ್ ಆಚೆಗಿನವರತ್ತ ನೇರ ತಿರುಗಿಸಿದರೆ, ಮಳೆ ನಿಂತ ಗಾಳಿಯಲ್ಲಿ ಅವರಿಗೆ ಅದು ಶುಕ್ರಗ್ರಹಕ್ಕಿಂತ ಹತ್ತು ಪಟ್ಟಿಗೂ ಮಿಗಿಲಾಗಿ ಹೊಳೆಯುತ್ತದೆ. ಪರ್ವತಾರೋಹಿಗಳ ಸಂಕೇತ ಸುಲಭ: ನಿಮಿಷಕ್ಕೆ ಆರು ಮಿನುಗು, ಮುಂದಿನ ನಿಮಿಷ ಕತ್ತಲು, ಮತ್ತೆ ಆರು. ಆ ಕಡೆಯಿಂದ ನಿಮಿಷಕ್ಕೆ ಮೂರು ಮಿನುಗು ಬಂದರೆ ನಿಮ್ಮ ಬೆಳಕು ಅವರಿಗೆ ಕಂಡಿದೆ ಎಂದರ್ಥ.