ಕಣಗಿಲೆ ಗಿಡದಲ್ಲಿ ಬೆಳ್ಳಿಯ ಲೋಲಾಕು

ಹುಬ್ಬಳ್ಳಿಗೆ ಹೊರಟಿದ್ದ ನಾವು ಚಿತ್ರದುರ್ಗ ದಾಟಿದ ಮೇಲೆ ಹೆದ್ದಾರಿ ಬದಿಯ ಹೋಟೆಲೊಂದರಲ್ಲಿ ತಿಂಡಿಗೆ ಇಳಿದೆವು. ಕೈ ತೊಳೆಯುವ ನಲ್ಲಿಯ ಪಕ್ಕ ಸಾಲಾಗಿ ಕಣಗಿಲೆ ಗಿಡಗಳಿದ್ದವು. "ಚಿಕ್ಕಪ್ಪ, ಯಾರದೋ ಓಲೆ ಇಲ್ಲಿ ಸಿಕ್ಕಿಕೊಂಡಿದೆ!" ಎಂದು ಅಣ್ಣನ ಮಗಳು ಕೂಗಿದಳು. ಎಲೆಯ ಅಡಿಯಲ್ಲಿ ಸುಮಾರು 2 ಸೆಂಟಿಮೀಟರ್ ಉದ್ದದ ಬೆಳ್ಳಿಯ ಲೋಲಾಕು ತಲೆಕೆಳಗಾಗಿ ತೂಗುತ್ತಿತ್ತು. ಅವಳು ಬಗ್ಗಿದಾಗ ಅವಳ ಕೆಂಪು ಲಂಗದ ಬಣ್ಣ ಅದರ ಮೈಮೇಲೆ ಹರಿದಾಡಿತು.

ಅದು ಚಿಟ್ಟೆಯ ಕೋಶ, ಹುಳು ಚಿಟ್ಟೆಯಾಗಿ ರೂಪ ಬದಲಿಸುವುದು ಇದರೊಳಗೆ. ಯಾವ ಚಿಟ್ಟೆಯದು?

ಇಂಥದ್ದು ಕಂಡಾಗ ನಾವೆಲ್ಲ ಕೋಶದ ಫೋಟೊ ತೆಗೆದುಕೊಂಡು ಬರುತ್ತೇವೆ, ಗಿಡವನ್ನು ಮರೆಯುತ್ತೇವೆ. ನನ್ನ ಅನುಭವದಲ್ಲಿ ಅರ್ಧ ಉತ್ತರ ಗಿಡದಲ್ಲಿಯೇ ಇರುತ್ತದೆ. ಕಣಗಿಲೆಯ ಹಾಲು ವಿಷ, ದನಕರುಗಳು ಅದಕ್ಕೆ ಬಾಯಿ ಹಾಕುವುದಿಲ್ಲ. ಅದನ್ನು ತಿಂದು ಅರಗಿಸಿಕೊಳ್ಳುವ ಹುಳುಗಳು ಕೆಲವೇ ಕೆಲವು. ಹಾಗೆಂದು ಗಿಡವನ್ನಷ್ಟೇ ನಂಬುವಂತಿಲ್ಲ. ಕೋಶ ಕಟ್ಟುವ ಹೊತ್ತಿಗೆ ಹುಳು ಪಕ್ಕದ ಗಿಡಕ್ಕೋ ಗೋಡೆಗೋ ತೆವಳಿ ಹೋಗುವುದುಂಟು.

ಆಮೇಲೆ ನೋಡಬೇಕಾದದ್ದು ಅದು ನಿಂತಿರುವ ಬಗೆ. ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆಗೂಡು ಪತಂಗದ್ದು, ಕೋಶ ಆ ನೂಲಿನೊಳಗೆ ಅಡಗಿರುತ್ತದೆ. ಚಿಟ್ಟೆಯ ಕೋಶಕ್ಕೆ ಸಾಮಾನ್ಯವಾಗಿ ಅಂಥ ಹೊದಿಕೆಯಿಲ್ಲ. ಮನೆಯ ಕರಿಬೇವಿನ ಗಿಡದಲ್ಲಿ ಬೆಳೆಯುವ ಕಾಮನ್ ಮಾರ್ಮನ್ ಚಿಟ್ಟೆಯ ಕೋಶ ಸೊಂಟಕ್ಕೆ ರೇಷ್ಮೆಯ ಎಳೆ ಬಿಗಿದುಕೊಂಡು ತಲೆ ಮೇಲಾಗಿ ಒರಗಿರುತ್ತದೆ. ನಮ್ಮ ಲೋಲಾಕಿಗೆ ಉಡಿದಾರವಿರಲಿಲ್ಲ. ಎಲೆಗೆ ಅಂಟಿದ್ದ ರೇಷ್ಮೆಯ ಸಣ್ಣ ಗುಪ್ಪೆಗೆ ಬಾಲದ ತುದಿಯ ಕೊಕ್ಕೆಗಳು ಸಿಕ್ಕಿಕೊಂಡಿದ್ದವು, ಅಷ್ಟೇ ಆಧಾರ. ಎಕ್ಕದ ಗಿಡದ ಪ್ಲೇನ್ ಟೈಗರ್ ಕೂಡ ಹೀಗೆಯೇ ತೂಗುತ್ತದೆ. ಆದರೆ ಅದರ ಹಸಿರು ಇಲ್ಲವೇ ತಿಳಿಗುಲಾಬಿ ಮೈಮೇಲೆ ಚಿನ್ನದ ಚುಕ್ಕಿಗಳಿರುತ್ತವೆಯೇ ಹೊರತು ಇಡೀ ಮೈ ಕನ್ನಡಿಯಾಗಿರುವುದಿಲ್ಲ. ಪಕ್ಕದ ರೆಂಬೆಯಲ್ಲಿ ಬಿಳಿ ಪಟ್ಟೆಯ ಹುಳುವೊಂದು ಎಲೆ ಮೇಯುತ್ತಿತ್ತು. ಅದರ ಬೆನ್ನಿನ ಕಪ್ಪು ಕುಡಿಮೀಸೆಗಳನ್ನು ಎಣಿಸಿದೆವು: ನಾಲ್ಕು ಜೊತೆ. ಪ್ಲೇನ್ ಟೈಗರ್ ಹುಳುವಿಗೆ ಮೂರೇ ಜೊತೆ. ಅಲ್ಲಿಗೆ ಅನುಮಾನ ತೀರಿತು: ಇದು ಕಾಮನ್ ಕ್ರೋ, ನಾವು ದಿನವೂ ಕಾಣುವ ಕಂದುಗಪ್ಪು ಚಿಟ್ಟೆ.

ಅಷ್ಟು ಸಾದಾ ಚಿಟ್ಟೆಗೆ ಈ ಬೆಳ್ಳಿ ಎಲ್ಲಿಂದ ಬಂತು? ಅದರಲ್ಲಿ ಲೋಹದ ಕಣವೂ ಇಲ್ಲ, ಬೆಳ್ಳಿಬಣ್ಣದ ದ್ರವ್ಯವೂ ಇಲ್ಲ. ಕೋಶದ ಚರ್ಮದಲ್ಲಿ ಬೆಳಕಿನ ತರಂಗಕ್ಕಿಂತಲೂ ತೆಳುವಾದ ಪದರಗಳು ಒಂದರ ಮೇಲೊಂದು ಕೂತಿವೆ. ಒಂದು ಒತ್ತಾದದ್ದು, ಮುಂದಿನದು ನೀರು ತುಂಬಿದ ಸಡಿಲ ಪದರ. ಪ್ರತಿ ಪದರದ ಅಂಚಿನಲ್ಲಿಯೂ ಬೆಳಕು ಒಂದಿಷ್ಟು ಹಿಂದಿರುಗುತ್ತದೆ. ಪದರಗಳ ದಪ್ಪ ಒಂದೇ ಸಮನಿಲ್ಲದ ಕಾರಣ ಬೇರೆ ಬೇರೆ ಬಣ್ಣಗಳು ಬೇರೆ ಬೇರೆ ಆಳದಿಂದ ಮರಳಿ, ಒಟ್ಟಾಗಿ ಕಣ್ಣಿಗೆ ಬೆಳ್ಳಿಯಂತೆಯೋ ಹೊನ್ನಿನಂತೆಯೋ ಕಾಣುತ್ತವೆ. ಹಳೆಯ ಗ್ರೀಕರು ಚಿಟ್ಟೆಯ ಕೋಶವನ್ನು ಕರೆದದ್ದು ಚಿನ್ನ ಎಂಬರ್ಥದ ಪದದಿಂದ ಹುಟ್ಟಿಸಿದ ಹೆಸರಿನಿಂದಲೇ.

ರೆಂಬೆ ಮುರಿದು ಕಾರಿನಲ್ಲಿಟ್ಟುಕೊಳ್ಳೋಣ ಎಂದು ಅವಳು ಹಟ ಹಿಡಿದಳು. ನಾನು ಒಪ್ಪಲಿಲ್ಲ. ಹೊರಬಂದ ಚಿಟ್ಟೆಯ ರೆಕ್ಕೆ ಮೊದಲು ಮುದುಡಿದ ಒದ್ದೆ ಬಟ್ಟೆಯಂತಿರುತ್ತದೆ. ತೂಗಾಡಲು ಜಾಗವಿದ್ದರಷ್ಟೇ ಮೈಯ ದ್ರವ ರೆಕ್ಕೆಯ ನರಗಳಿಗೆ ಇಳಿದು ಅದು ಸರಿಯಾಗಿ ಬಿಚ್ಚಿಕೊಳ್ಳುತ್ತದೆ. ಕಾರಿನ ಕುಲುಕಾಟದಲ್ಲಿ ಕೋಶ ಉದುರಿ ಬಿದ್ದರೆ ರೆಕ್ಕೆ ಸೊಟ್ಟಗಾಗಿಯೇ ಗಟ್ಟಿಯಾಗಿಬಿಡುತ್ತದೆ.

ನಾಲ್ಕನೆಯ ದಿನ ಹಿಂದಿರುಗುವಾಗ ಅದೇ ಹೋಟೆಲಿನಲ್ಲಿ ನಿಲ್ಲಿಸಿದೆವು. ಎಲೆಯ ಅಡಿಯಲ್ಲಿ ಈರುಳ್ಳಿ ಸಿಪ್ಪೆಯಂಥ ಖಾಲಿ ಪೊರೆ ನೇತಾಡುತ್ತಿತ್ತು. ಪರಾವಲಂಬಿ ಕಣಜಗಳು ಒಳಗೆ ಬೆಳೆದಿದ್ದರೆ ಪಕ್ಕದಲ್ಲಿ ದುಂಡನೆಯ ತೂತು ಇರಬೇಕಿತ್ತು. ಇದು ತಲೆಯ ಕಡೆಯಿಂದ ಸೀಳಿ ಬಾಗಿಲಿನಂತೆ ತೆರೆದುಕೊಂಡಿತ್ತು.

"ಬೆಳ್ಳಿ ಎಲ್ಲಿ ಹೋಯಿತು, ಚಿಕ್ಕಪ್ಪ?"

"ನೀರು ಆರಿತಲ್ಲ, ಅದರೊಂದಿಗೆ ಹೊಳಪೂ ಹೋಯಿತು" ಎಂದೆ. ಈ ಸಲ ಅವಳು ಕೇಳದೆಯೇ ಪೊರೆಯನ್ನು ಬಿಡಿಸಿ, ಬೆಂಕಿಪೊಟ್ಟಣದಲ್ಲಿ ಇಟ್ಟುಕೊಟ್ಟೆ.