ಸೌಂಡ್‌ಪ್ರೂಫ್ ಅಂದರೆ ಏನು? ಸದ್ದು ತಡೆಯೋದು ಬೇರೆ, ಹೀರೋದು ಬೇರೆ

ನನ್ನ ತಂಗಿಯ ಮಗ ತತ್ವಪದ ಚೆನ್ನಾಗಿ ಹಾಡುತ್ತಾನೆ. ಕಲಬುರಗಿಯ ಹಳೇ ಓಣಿಯಲ್ಲಿ ಅವರ ಮನೆ. ಮೇಲಿನ ಖೋಲಿ ಖಾಲಿ ಇತ್ತು, ಅಲ್ಲೇ ಒಂದು ಮೈಕ್ ಇಟ್ಟು ರೆಕಾರ್ಡ್ ಮಾಡಬೇಕು ಅಂತ ಅವನ ಆಸೆ. ಹೋದ ವರ್ಷ ಫೋನ್ ಮಾಡಿ ಕೇಳಿದ: "ಮಾಮಾ, ಗೋಡಿಗೆ ಫೋಮ್ ಹಚ್ಚಿದ್ರ ಖೋಲಿ ಸೌಂಡ್‌ಪ್ರೂಫ್ ಆಗ್ತದಲ್ಲ?"

ಆಗಲ್ಲ. ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ಮೊದಲ ಸಲ ನಾನೂ ಕಪ್ಪು ಬಣ್ಣದ ಮೊನೆಮೊನೆ ಫೋಮ್ ತರಿಸಿ ನಾಲ್ಕೂ ಗೋಡೆಗೆ ಅಂಟಿಸಿದ್ದೆ. ಖೋಲಿ ಒಳಗೆ ಮಾತು ಮೆತ್ತಗಾಯಿತು, ಆದರೆ ಹೊರಗಿನ ಆಟೋ ಹಾರ್ನ್ ಮೊದಲು ಎಷ್ಟು ಕೇಳುತ್ತಿತ್ತೋ ಅಷ್ಟೇ ಕೇಳುತ್ತಿತ್ತು. ಏಪ್ರಿಲ್ ಬಿಸಿಲಿಗೆ ಅಂಟು ಬಿಟ್ಟು ಅರ್ಧ ಫೋಮ್ ಕೆಳಗೆ ಬಿತ್ತು. ಹೊಸಬರು ಯಾರೂ ಇದರಲ್ಲಿ ದುಡ್ಡು ಕಳೆದುಕೊಳ್ಳಬಾರದು ಅಂತಲೇ ಈ ಪದವನ್ನು ಸ್ವಲ್ಪ ಬಿಡಿಸಿ ಹೇಳುತ್ತಿದ್ದೇನೆ.

ಸೌಂಡ್‌ಪ್ರೂಫ್ ಅನ್ನೋದು ವಾಟರ್‌ಪ್ರೂಫ್ ಇದ್ದ ಹಾಗೆ ಕೇಳುತ್ತದೆ ಅಲ್ವಾ? ಕನ್ನಡದ ಶಬ್ದನಿರೋಧಕ ಕೂಡ ಹಾಗೇ. ಕೇಳಿದ ಕೂಡಲೇ ಸದ್ದು ಪೂರ್ತಿ ನಿಂತುಹೋಗುತ್ತದೆ ಅನ್ನಿಸುತ್ತದೆ. ಆದರೆ ಸದ್ದಿನ ವಿಷಯದಲ್ಲಿ ಪೂರ್ತಿ ಅನ್ನೋದು ಇಲ್ಲ. ಎಷ್ಟು ಡೆಸಿಬಲ್ (ಸದ್ದಿನ ಜೋರು ಅಳೆಯುವ ಮಾಪ) ಕಮ್ಮಿಯಾಯಿತು ಅನ್ನೋದೊಂದೇ ಲೆಕ್ಕ. 10 ಡೆಸಿಬಲ್ ಇಳಿದರೆ ನಮ್ಮ ಕಿವಿಗೆ ಸದ್ದು ಹೆಚ್ಚುಕಮ್ಮಿ ಅರ್ಧ ಆದಂತೆ ಕೇಳುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಜನ ಈ ಒಂದೇ ಪದವನ್ನು ಎರಡು ಬೇರೆ ಬೇರೆ ಕೆಲಸಕ್ಕೆ ಬಳಸುತ್ತಾರೆ. ಹೊರಗಿನ ಸದ್ದು ಒಳಗೆ ಬರದಂತೆ, ಒಳಗಿನದು ಹೊರಗೆ ಹೋಗದಂತೆ ನೋಡಿಕೊಳ್ಳೋದು ಒಂದು ಕೆಲಸ. ಇದೇ ನಿಜವಾದ ಸೌಂಡ್‌ಪ್ರೂಫಿಂಗ್, ಅಂದರೆ ತಡೆಯೋದು. ಖೋಲಿಯೊಳಗೇ ಹುಟ್ಟಿದ ಸದ್ದು ಗೋಡೆಗೆ ಬಡಿದು ವಾಪಸ್ ಬಂದು ಗುಂಯ್ ಅನ್ನದಂತೆ ನೋಡಿಕೊಳ್ಳೋದು ಇನ್ನೊಂದು. ಅದಕ್ಕೆ ಅಕೌಸ್ಟಿಕ್ ಟ್ರೀಟ್‌ಮೆಂಟ್ ಅನ್ನುತ್ತಾರೆ, ಅಂದರೆ ಹೀರೋದು. ತಡೆಯೋಕೆ ತೂಕ ಬೇಕು, ಸಂದು ಮುಚ್ಚಿರಬೇಕು. ಹೀರೋಕೆ ಗಾಳಿ ಆಡುವಂಥ ಮೆತ್ತನೆ ವಸ್ತು ಬೇಕು. ಒಂದರ ಸಾಮಾನು ಇನ್ನೊಂದಕ್ಕೆ ಆಗೋದಿಲ್ಲ.

ಯಾಕೆ ಅಂತ ನೋಡಿ. ಸದ್ದು ಅಂದರೆ ಗಾಳಿಯ ಅಲುಗಾಟ. ಅದು ಗೋಡೆಗೆ ಬಡಿದಾಗ ಗೋಡೆಯೂ ತುಸು ಅಲುಗುತ್ತದೆ, ಗೋಡೆ ಅಲುಗಿದರೆ ಆ ಕಡೆಯ ಗಾಳಿಯೂ ಅಲುಗುತ್ತದೆ. ಗೋಡೆ ಭಾರ ಇದ್ದಷ್ಟೂ ಅಲುಗಾಟ ಕಮ್ಮಿ. 9 ಇಂಚಿನ ಇಟ್ಟಿಗೆ ಗೋಡೆ ಒಂದು ಚದರ ಮೀಟರಿಗೆ 400 ಕಿಲೋಗೂ ಜಾಸ್ತಿ ತೂಗುತ್ತದೆ. ಅಷ್ಟೇ ಅಗಲದ 2 ಇಂಚಿನ ಫೋಮ್ ಒಂದೂವರೆ ಕಿಲೋ ಆಸುಪಾಸು. ಆ ಒಂದೂವರೆ ಕಿಲೋ ಸೇರಿದರೆ ಗೋಡೆಗೆ ಏನು ವ್ಯತ್ಯಾಸ? ಗೋಡೆಯ ತೂಕವನ್ನೇ ಎರಡು ಪಟ್ಟು ಮಾಡಿದರೂ ಸಿಗೋದು ಹೆಚ್ಚೆಂದರೆ 6 ಡೆಸಿಬಲ್. ಅದಕ್ಕೇ ದೊಡ್ಡ ಸ್ಟುಡಿಯೋ ಕಟ್ಟುವವರು ಒಂದೇ ಗೋಡೆಯನ್ನು ದಪ್ಪ ಮಾಡುತ್ತಾ ಹೋಗೋದಿಲ್ಲ. ಎರಡು ಗೋಡೆ ಎಬ್ಬಿಸಿ, ನಡುವೆ ಜಾಗ ಬಿಟ್ಟು, ಒಂದಕ್ಕೊಂದು ತಾಗದಂತೆ ನೋಡಿಕೊಳ್ಳುತ್ತಾರೆ. ಖೋಲಿಯೊಳಗೆ ಖೋಲಿ ಅನ್ನೋದು ಇದೇ.

ಮನೆಯಲ್ಲಿ ಶುರು ಮಾಡುವವರಿಗೆ ಅಷ್ಟು ದೂರ ಹೋಗುವ ಅಗತ್ಯ ಇಲ್ಲ. ಯಾಕಂದರೆ ನಮ್ಮ ಕಡೆಯ ಹಳೇ ಮನೆಗಳಲ್ಲಿ ಅರ್ಧ ಕೆಲಸ ಆಗಲೇ ಆಗಿದೆ. ಕಲ್ಲಿನ ಗೋಡೆ, ಕೆಳಗೆ ಶಹಾಬಾದ್ ಕಲ್ಲು. ನಮ್ಮ ಜಿಲ್ಲೆಯ ಈ ಸುಣ್ಣಕಲ್ಲು ಬಲು ಭಾರದ್ದು. ಗೋಡೆಯ ಮೂಲಕ ಸದ್ದು ಬರೋದು ತೀರಾ ಕಮ್ಮಿ. ಆದರೆ ಅದೇ ಕಲ್ಲು ಒಳಗಿನ ಸದ್ದನ್ನು ಹಾಗೇ ವಾಪಸ್ ಎಸೆಯುತ್ತದೆ. ತಂಗಿಯ ಮಗನ ಖೋಲಿಗೆ ಹೋದ ದಿನ ನಾನು ಮೊದಲು ಮಾಡಿದ್ದು ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿದ್ದು. ಟ್ರ್‌ರ್‌ರ್ ಅಂತ ತಗಡು ನಡುಗಿದ ಹಾಗೆ ಬಾಲ ಬಂತು. ಎದುರುಬದುರು ಇರುವ ಎರಡು ಬೋಳು ಗೋಡೆಗಳ ನಡುವೆ ಸದ್ದು ಹೋಗಿ ಬಂದು, ಹೋಗಿ ಬಂದು ಮಾಡೋದು ಅದು. ವಿಜಯಪುರದ ಗೋಳಗುಮ್ಮಟದಲ್ಲಿ ಕೂಗಿದರೆ ಮತ್ತೆ ಮತ್ತೆ ಮಾರ್ದನಿ ಬರೋದಕ್ಕೂ ಇಂಥದೇ ಗಟ್ಟಿ, ನುಣುಪು ಮೈ ಕಾರಣ. ನೋಡಲು ಹೋದವರಿಗೆ ಅದು ಖುಷಿ, ಮೈಕಿಗೆ ಮಾತ್ರ ಅಲ್ಲ.

ಹಾಗಾದರೆ ಆಟೋ ಹಾರ್ನ್ ಎಲ್ಲಿಂದ ಬರುತ್ತದೆ? ಬಾಗಿಲು, ಕಿಟಕಿ, ಕೂಲರ್ ಇಡಲು ಒಡೆದ ಜಾಗ. ಒಂದು ಲೆಕ್ಕ ಹಾಕೋಣ. 14 ಅಡಿ ಉದ್ದ, 9 ಅಡಿ ಎತ್ತರದ ಗೋಡೆ 50 ಡೆಸಿಬಲ್ ತಡೆಯುತ್ತದೆ ಅಂತಿಟ್ಟುಕೊಳ್ಳಿ. ಅದರಲ್ಲಿ 3 ಅಡಿ ಅಗಲ, 7 ಅಡಿ ಎತ್ತರದ ತೆಳು ಬಾಗಿಲು ಇದೆ, ಅದು ತಡೆಯೋದು 20 ಡೆಸಿಬಲ್. ಎರಡೂ ಸೇರಿದರೆ ಸಿಗೋದು ಸುಮಾರು 28 ಮಾತ್ರ. ಗೋಡೆಯ ಬಲವನ್ನೆಲ್ಲ ಬಾಗಿಲೇ ತಿಂದುಹಾಕಿತು. ಸರಿ, ಬಾಗಿಲು ಬದಲಿಸಿ ತೇಗದ ಭಾರೀ ಬಾಗಿಲು ಹಾಕಿದಿರಿ, ಕೆಳಗೆ ಅರ್ಧ ಇಂಚು ಸಂದು ಬಿಟ್ಟಿರಿ. ಆ ಸಂದು ಬಾಗಿಲಿನ ನೂರರಲ್ಲಿ ಒಂದು ಪಾಲೂ ಇಲ್ಲ. ಆದರೂ ಬಾಗಿಲು ಎಷ್ಟೇ ಗಟ್ಟಿ ಇರಲಿ, 22 ಡೆಸಿಬಲ್ ದಾಟೋದಿಲ್ಲ!

ಸಂದು ಹುಡುಕೋದು ಸುಲಭ. ರಾತ್ರಿ ಹೊರಗಿನ ಲೈಟ್ ಹಾಕಿ, ಖೋಲಿ ಕತ್ತಲೆ ಮಾಡಿ ಒಳಗೆ ಕೂತುಕೊಳ್ಳಿ. ಎಲ್ಲೆಲ್ಲಿ ಬೆಳಕಿನ ಗೆರೆ ಕಾಣುತ್ತದೋ ಅಲ್ಲೆಲ್ಲ ಸದ್ದಿಗೂ ದಾರಿ ಇದೆ. ಅವನ ಬಾಗಿಲಿನ ಸುತ್ತ ಮೂರು ಕಡೆ ಬೆಳಕು ಕಂಡಿತು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ರಬ್ಬರ್ ಪಟ್ಟಿ ತಂದು ಚೌಕಟ್ಟಿಗೆ ಅಂಟಿಸಿದೆವು, ಬಾಗಿಲಿನ ಅಡಿಗೆ ನೆಲಕ್ಕೆ ಒತ್ತಿ ಕೂರುವ ಪಟ್ಟಿ ಹಾಕಿದೆವು. ಕಿಟಕಿ ಅಳತೆಗೆ 18 ಮಿಲಿಮೀಟರ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ಎರಡು ಪದರ ಕೊಯ್ಸಿ, ಅಂಚಿಗೆ ರಬ್ಬರ್ ಹಚ್ಚಿ, ಬೇಕಾದಾಗ ಇಟ್ಟು ಬೇಡಾದಾಗ ತೆಗೆಯುವ ಮುಚ್ಚಳ ಮಾಡಿಸಿದೆವು. ಅದು ಭಾರ, ಒಂದು ಚದರ ಮೀಟರಿಗೆ 25 ಕಿಲೋ ಮೀರುತ್ತದೆ. ಎತ್ತಲು ಇಬ್ಬರು ಬೇಕು. ಆದರೆ ಮುಚ್ಚಿದ ಕ್ಷಣ ಬೀದಿ ಒಂದು ಫರ್ಲಾಂಗ್ ಹಿಂದೆ ಸರಿದ ಹಾಗಾಯಿತು.

ಈಗ ಹೀರುವ ಕೆಲಸ. ಇಲ್ಲಿ ನಮ್ಮ ಮನೆಯ ಕೌದಿಗಿಂತ ಒಳ್ಳೆಯ ಶುರು ಇಲ್ಲ. ಹಳೇ ಸೀರೆ, ಧೋತರ ಪದರ ಪದರವಾಗಿ ಇಟ್ಟು ಕೈಯಿಂದ ಹೊಲಿದ ಕೌದಿಯ ಎಳೆಗಳ ನಡುವೆ ಗಾಳಿ ನುಸುಳಬೇಕಾಗುತ್ತದೆ. ನುಸುಳುವಾಗ ತಿಕ್ಕಾಟಕ್ಕೆ ಸದ್ದಿನ ಶಕ್ತಿ ಕರಗಿ ಅತಿ ಚಿಕ್ಕ ಬಿಸಿಯಾಗುತ್ತದೆ. ಆದರೆ ಕೌದಿಯನ್ನು ಗೋಡೆಗೆ ಒತ್ತಿ ಮೊಳೆ ಹೊಡೆಯಬೇಡಿ. ಗೋಡೆಗೆ ತೀರಾ ಹತ್ತಿರದಲ್ಲಿ ಗಾಳಿ ಹಿಂದೆ ಮುಂದೆ ಆಡೋದೇ ಇಲ್ಲ, ಗೋಡೆ ಬಿಡೋದಿಲ್ಲವಲ್ಲ. ಒಂದು ಗೇಣು ಮುಂದಕ್ಕೆ ಹಗ್ಗ ಕಟ್ಟಿ, ಸುಕ್ಕು ಬಿಟ್ಟು ತೂಗುಹಾಕಿ. ಅದೇ ಕೌದಿ ಇನ್ನಷ್ಟು ಕೆಳಗಿನ ಸ್ವರವನ್ನೂ ಹಿಡಿಯುತ್ತದೆ.

ಕೆಳಗಿನ ಸ್ವರ ಅಂದೆ, ಅದೇ ಕಷ್ಟದ್ದು. 1000 ಹರ್ಟ್ಜ್, ಅಂದರೆ ಸೆಕೆಂಡಿಗೆ 1000 ಸಲ ಅಲುಗುವ ಸದ್ದಿನ ಅಲೆ 34 ಸೆಂಟಿಮೀಟರ್ ಉದ್ದ. 100 ಹರ್ಟ್ಜ್ ಆದರೆ ಸುಮಾರು 3.4 ಮೀಟರ್, ಅಂದರೆ ಒಂದು ಚಿಕ್ಕ ಖೋಲಿಯಷ್ಟು. ಗಂಡಸರ ದನಿಯ ತಳ ಅಲ್ಲೇ ಇರೋದು. ಅಷ್ಟು ದೊಡ್ಡ ಅಲೆಯನ್ನು ಒಂದಿಂಚು ಫೋಮ್ ಹೀರೋಕೆ ಆಗೋದಿಲ್ಲ. ಗೋಡೆ ತುಂಬ ತೆಳು ಫೋಮ್ ಹಚ್ಚಿದ ಖೋಲಿಯಲ್ಲಿ ಮೇಲಿನ ಸ್ವರ ಮಾತ್ರ ಸತ್ತು, ಕೆಳಗಿನದು ಹಾಗೇ ಉಳಿದು, ದನಿ ಡಬ್ಬಿಯೊಳಗಿಂದ ಬಂದಂತೆ ಕೇಳೋದು ಇದಕ್ಕೇ. ಮೂಲೆಗಳಲ್ಲಿ ದಪ್ಪ ಹತ್ತಿಯ ಗಾದಿ ಸುತ್ತಿ ನಿಲ್ಲಿಸಿ. ದುಡ್ಡಿದ್ದರೆ 4 ಇಂಚಿನ ರಾಕ್‌ವೂಲ್ (ಕಲ್ಲು ಕರಗಿಸಿ ಉಣ್ಣೆಯಂತೆ ಎಳೆ ತೆಗೆದ) ಹಲಗೆಯನ್ನು ಬಟ್ಟೆಯಲ್ಲಿ ಪೂರ್ತಿ ಸುತ್ತಿ ಇಡಿ.

ಮೊಟ್ಟೆ ಟ್ರೇ ಬೇಡ. ಅದು ತಡೆಯೋದೂ ಇಲ್ಲ, ಸರಿಯಾಗಿ ಹೀರೋದೂ ಇಲ್ಲ, ಕಿಡಿ ತಾಗಿದರೆ ಹೊತ್ತಿ ಉರಿಯುತ್ತದೆ. ಸಾದಾ ಫೋಮ್ ಕೂಡ ಉರಿದರೆ ವಿಷದ ಹೊಗೆ ಬಿಡುತ್ತದೆ. ಬಟ್ಟೆ, ಗಾದಿಯೂ ಬೆಂಕಿಗೆ ದೂರದವಲ್ಲ. ಊದಿನಕಡ್ಡಿ, ಹಳೇ ವೈರು ಇವೆಲ್ಲ ಆ ಖೋಲಿಯಿಂದ ಹೊರಗಿರಲಿ.

ಗಾಳಿಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸದ್ದಿಗೆ ಮುಚ್ಚಿದ ಖೋಲಿ ಗಾಳಿಗೂ ಮುಚ್ಚಿದ ಖೋಲಿಯೇ. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮೈಕ್ ಮುಂದೆ ಫ್ಯಾನ್, ಕೂಲರ್ ಹಾಕುವಂತಿಲ್ಲ. ಹಾಗಾಗಿ 15–20 ನಿಮಿಷ ಹಾಡಿ, ಬಾಗಿಲು ತೆಗೆದು, ಫ್ಯಾನ್ ಹಾಕಿ ಕೂರಬೇಕು. ಗಂಟೆಗಟ್ಟಲೆ ಮುಚ್ಚಿಕೊಂಡು ಕೂರೋದು ಮೈಗೆ ಒಳ್ಳೆಯದಲ್ಲ.

ಇಷ್ಟೆಲ್ಲ ಮಾಡುವ ಮೊದಲು ಖರ್ಚಿಲ್ಲದ ಒಂದು ಕೆಲಸ ಇದೆ. ಮೈಕನ್ನು ಬಾಯಿ ಹತ್ತಿರ ತನ್ನಿ. ದೂರ ಅರ್ಧ ಆದರೆ ನೇರ ದನಿ 6 ಡೆಸಿಬಲ್ ಏರುತ್ತದೆ, ಖೋಲಿಯ ಗುಂಯ್ ಏರೋದಿಲ್ಲ. ಒಂದು ಮೊಳದಿಂದ ಒಂದು ಗೇಣಿಗೆ ತಂದಾಗಲೇ ಅವನ ರೆಕಾರ್ಡಿಂಗ್ ಅರ್ಧ ಸುಧಾರಿಸಿತ್ತು.

ಒಂದು ಸದ್ದು ಮಾತ್ರ ನಮಗೆ ಬಗ್ಗಲಿಲ್ಲ. ಪಕ್ಕದ ಮನೆಯ ಅಡುಗೆಕಟ್ಟೆ ಇವರ ಗೋಡೆಗೇ ಸೇರಿದೆ. ಅಲ್ಲಿ ಜೋಳದ ರೊಟ್ಟಿ ಬಡಿಯಲು ಶುರು ಮಾಡಿದರೆ ಪಟ್ ಪಟ್ ಅನ್ನೋದು ಗಾಳಿಯಲ್ಲಿ ಬರದೆ ನೇರ ಕಲ್ಲಿನಲ್ಲೇ ಬರುತ್ತದೆ. ಗೋಡೆಗೆ ಕಿವಿ ಇಟ್ಟರೆ ಇನ್ನೂ ಜೋರು. ರಬ್ಬರ್ ಪಟ್ಟಿ, ಕಿಟಕಿ ಮುಚ್ಚಳ ಯಾವುದೂ ಇದಕ್ಕೆ ಅಡ್ಡ ಬರೋದಿಲ್ಲ. ಗೋಡೆಯಿಂದ ಬಿಡಿಸಿದ ಇನ್ನೊಂದು ಖೋಲಿ ಕಟ್ಟಿದರೆ ಮಾತ್ರ ನಿಲ್ಲುವ ಸದ್ದು ಅದು. ನನ್ನ ಅಳಿಯ ಈಗ ನಸುಕಿನ 5 ಗಂಟೆಗೆ ಎದ್ದು ಹಾಡುತ್ತಾನೆ. ಆಚೆ ಮನೆಯ ಅವ್ವ ಮೊದಲ ರೊಟ್ಟಿಗೆ ಕೈ ಹಚ್ಚಿದ ಕೂಡಲೇ ಮೈಕ್ ಆಫ್ ಮಾಡಿ ಬಾಗಿಲು ತೆಗೆಯುತ್ತಾನೆ.