ಸಾಕ್ಷಿಗೆ ಬರುವವರು ಕೂಡಿ ಕೂತು ನೆನಪು ಮಾಡ್ಕೋಬೇಡಿ

ಕಲಬುರಗಿಯಲ್ಲಿ ವಕೀಲಿಕೆ ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಅಪಘಾತ ಪರಿಹಾರ, ಹೊಲದ ಬಾಂದಿನ ತಕರಾರು, ಊರ ಹೊಡೆದಾಟ, ಇವೇ ನನ್ನ ಕೇಸುಗಳು. ಇಷ್ಟು ವರ್ಷದಲ್ಲಿ ಕಕ್ಷಿದಾರರಿಗೆ ಒಂದು ಮಾತನ್ನು ನೂರಾರು ಸಲ ಹೇಳಿದ್ದೇನೆ. ಹೇಳಿದಾಗ ತಲೆ ಆಡಿಸುತ್ತಾರೆ. ತಾರೀಖಿನ ದಿನ ಮತ್ತೆ ಅದೇ ತಪ್ಪು ಮಾಡಿ ಬರುತ್ತಾರೆ.

ಸಾಕ್ಷಿ ಹೇಳಬೇಕಾದ ನಾಲ್ಕು ಮಂದಿ ಮುಂಜಾನೆ ಒಂದೇ ಜೀಪಿನಲ್ಲಿ ಬರುತ್ತಾರೆ. ಕೋರ್ಟಿನ ಹತ್ತಿರದ ಹೋಟೆಲ್ಲಿನಲ್ಲಿ ಒಂದೇ ಟೇಬಲ್ಲಿಗೆ ಕೂಡುತ್ತಾರೆ. ಸುಸಲಾ, ಮಿರ್ಚಿ ಭಜಿ ತಿನ್ನುತ್ತಾ ಆ ದಿನ ಏನಾಯ್ತು ಅಂತ ತಾಳೆ ನೋಡುತ್ತಾರೆ. ಯಾರಿಗೂ ಕೆಟ್ಟ ಉದ್ದೇಶ ಇರುವುದಿಲ್ಲ. ಒಂದು ದಿನದ ಕೂಲಿ ಬಿಟ್ಟು, ಪಕ್ಕದ ಮನೆಯವನ ಸಲುವಾಗಿ ಬಂದಿರುವ ಒಳ್ಳೆಯ ಜನ ಅವರು. ಮಾತು ಹೆಚ್ಚುಕಮ್ಮಿ ಆಗಬಾರದು ಅಂತ ಅಷ್ಟೇ ಹೀಗೆ ಮಾಡುತ್ತಾರೆ. ಆದರೆ ಆ ಅರ್ಧ ತಾಸಿನ ಚಹಾದಲ್ಲಿ ಗಟ್ಟಿ ಕೇಸೂ ಸಡಿಲಾಗುತ್ತದೆ.

ಒಂದು ಕೇಸು ಹೇಳುತ್ತೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಆಳಂದ ರಸ್ತೆಯಲ್ಲಿ ಸಂಜೆ ಹೊತ್ತು ಒಂದು ಟಂಟಂ, ಅಂದರೆ ಮೂರು ಗಾಲಿಯ ಗಾಡಿ, ಬೈಕಿಗೆ ಬಡಿದು ನಿಲ್ಲದೆ ಹೋಯಿತು. ಬೈಕಿನ ಹುಡುಗನ ಕಾಲು ಮುರಿಯಿತು. ರಸ್ತೆ ಬದಿಯಲ್ಲಿದ್ದ ನಾಲ್ವರು ನೋಡಿದ್ದರು. ಅವರಲ್ಲಿ ಒಬ್ಬರು ಗಾಯಾಳುವಿನ ಸೋದರಮಾವ, ಇನ್ನೊಬ್ಬ ಪಂಚರ್ ಅಂಗಡಿಯ ಹುಡುಗ. ಪೊಲೀಸರ ಮುಂದೆ ಆ ಹುಡುಗ ಹೇಳಿದ್ದು ಸ್ಪಷ್ಟವಾಗಿತ್ತು: ಕತ್ತಲಾಗಿತ್ತು, ಸದ್ದು ಕೇಳಿ ತಿರುಗಿ ನೋಡಿದೆ, ಟಂಟಂ ಅಂತ ಗೊತ್ತಾಯ್ತು, ಬಣ್ಣ ಕಾಣಲಿಲ್ಲ.

ಎರಡು ವರ್ಷದ ಮೇಲೆ ಸಾಕ್ಷಿಯ ತಾರೀಖು ಬಂತು. ನಾನು ಹೋಟೆಲ್ಲಿಗೆ ಹೋದಾಗ ಗಾಯಾಳು ಹುಡುಗನ ಸೋದರಮಾವ ಟೇಬಲ್ ಮೇಲೆ ಚೆಲ್ಲಿದ ಚಹಾದಲ್ಲಿ ಬೆರಳದ್ದಿ ರಸ್ತೆ ಬಿಡಿಸುತ್ತಿದ್ದರು. ಇಲ್ಲಿ ಬೇವಿನ ಗಿಡ, ಇಲ್ಲಿ ಬೈಕು. ಬಿಸ್ಕೀಟಿನ ತುಂಡೊಂದನ್ನು ನೂಕಿ, ಟಂಟಂ ಹೀಗೆ ಬಂತು ಅಂತ ತೋರಿಸಿದರು. "ಗಿಳಿ ಹಸಿರು ಬಣ್ಣ, ಹೌದಿಲ್ಲೋ?" ಅಂದರು. ಪಂಚರ್ ಅಂಗಡಿಯ ಹುಡುಗ ನನ್ನ ಕಡೆ ತಿರುಗಿ, "ಹೌದ್ರಿ ವಕೀಲ್ರೇ, ಗಿಳಿ ಹಸಿರು. ಕಣ್ಣಿಗಿ ಕಟ್ಟಿದಂಗ ಅದ" ಅಂದ.

ಅವನನ್ನು ಹೊರಗೆ ಕರೆದು ಹಳೆಯ ಹೇಳಿಕೆ ಓದಿ ಹೇಳಿದೆ. ಹುಡುಗನ ಮುಖ ಸಣ್ಣದಾಯಿತು. "ನಾ ಹಿಂಗ ಹೇಳಿದ್ನೇನ್ರಿ? ಸುಳ್ಳ ಯಾಕ್ ಹೇಳ್ಲಿರಿ ನಾ?" ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ತಲೆಯೊಳಗೆ ನಿಜವಾಗಿ ಹಸಿರು ಟಂಟಂ ಓಡುತ್ತಿತ್ತು.

ಹಸಿರು ಎಲ್ಲಿಂದ ಬಂತು ಅಂತ ಕೆದಕಿದೆ. ಸೋದರಮಾವ ಮರುದಿನ ಪೊಲೀಸ್ ಠಾಣೆಗೆ ಹೋಗಿದ್ದರು. ಹಿಡಿದು ತಂದ ಟಂಟಂ ಅಂಗಳದಲ್ಲಿ ನಿಂತಿತ್ತು, ಅದು ಹಸಿರು. ಅಲ್ಲಿ ನೋಡಿದ ಬಣ್ಣ ಅವರ ತಲೆಯಲ್ಲಿ ರಸ್ತೆಯ ಮೇಲಿನ ಗಾಡಿಗೆ ಹತ್ತಿತು. ಎರಡು ವರ್ಷ ಊರಲ್ಲಿ ಅದನ್ನೇ ಹೇಳಿದರು. ಅವರಿಂದ ಉಳಿದ ಮೂವರಿಗೂ ಹತ್ತಿತು.

ಕಂಡಷ್ಟೇ ಹೇಳಿ ಅಂತ ನಾಲ್ವರಿಗೂ ಹೇಳಿ ಒಳಗೆ ಕಳಿಸಿದೆ. ಆದರೂ ಪಾಟಿ ಸವಾಲಿನಲ್ಲಿ ಇನ್ಶೂರೆನ್ಸ್ ಕಂಪನಿಯ ವಕೀಲರು ಬಣ್ಣ ಕೇಳಿದಾಗ ಮೂವರ ಬಾಯಲ್ಲೂ ಅದೇ "ಗಿಳಿ ಹಸಿರು" ಬಂತು. ಮೂರನೆಯ ಸಲ ಕೇಳಿದಾಗ ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ವಾಹನ ತಪಾಸಣೆ ವರದಿಯಲ್ಲಿ ಟಂಟಂಗೆ ಬೈಕಿನ ಬಣ್ಣ ಉಜ್ಜಿದ ಗುರುತು ಇದ್ದದ್ದಕ್ಕೆ ಪರಿಹಾರ ಸಿಕ್ಕಿತು. ಆ ವರದಿ ಇಲ್ಲದಿದ್ದರೆ ಏನಾಗುತ್ತಿತ್ತೋ, ನಾನು ಹೇಳಲಾರೆ.

ಇದು ನಮ್ಮ ಹಳ್ಳಿಯವರಿಗೆ ಮಾತ್ರ ಆಗುವಂಥದ್ದು ಅಂತ ತಿಳಿಯಬೇಡಿ. ಮನೋವಿಜ್ಞಾನಿ ಫಿಯೋನಾ ಗ್ಯಾಬರ್ಟ್ ಮತ್ತು ಅವರ ಜೊತೆಗಾರರು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಇಬ್ಬಿಬ್ಬರಿಗೆ ಒಂದೇ ಘಟನೆಯ ವಿಡಿಯೋ ತೋರಿಸಿದರು, ಆದರೆ ಬೇರೆ ಬೇರೆ ಕೋನದಿಂದ ತೆಗೆದದ್ದು. ಒಬ್ಬರ ವಿಡಿಯೋದಲ್ಲಿ ಮಾತ್ರ ಹುಡುಗಿ ಪರ್ಸಿನಿಂದ ದುಡ್ಡು ತೆಗೆಯುವುದು ಕಾಣುತ್ತಿತ್ತು. ಆಮೇಲೆ ಇಬ್ಬರೂ ಕೂತು ಮಾತಾಡಿದರು. ಬಳಿಕ ಒಬ್ಬೊಬ್ಬರನ್ನೇ ಕೇಳಿದರೆ, ಮಾತಾಡಿದವರಲ್ಲಿ ನೂರಕ್ಕೆ 71 ಮಂದಿ ತಾವು ನೋಡದೇ ಇದ್ದ, ಜೊತೆಯವರ ಬಾಯಿಂದ ಬಂದ ಏನನ್ನಾದರೂ ತಾವೇ ನೋಡಿದ್ದು ಅಂತ ಹೇಳಿದರು. ಕಳ್ಳತನ ಕಾಣಲು ಸಾಧ್ಯವೇ ಇಲ್ಲದ ಕೋನದಿಂದ ನೋಡಿದವರಲ್ಲೂ ನೂರಕ್ಕೆ 60 ಮಂದಿ ಹುಡುಗಿ ತಪ್ಪಿತಸ್ಥೆ ಅಂದರು. ಇದೆಲ್ಲ ಆದದ್ದು ಒಂದೇ ಸಲದ ಮಾತಿನಲ್ಲಿ. ನಮ್ಮಲ್ಲಿ ಎರಡು ವರ್ಷ ಕಟ್ಟೆ ಮೇಲೆ ಮಾತಾಡುತ್ತಾರೆ.

"ನನಗೆ ಖಚಿತ ನೆನಪಿದೆ" ಅನ್ನುವ ಮಾತೂ ಅಷ್ಟೇ. ಈ ಒಂದು ವಿಷಯ ಮಾತ್ರ ದಯವಿಟ್ಟು ನಿಧಾನವಾಗಿ ಓದಿ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿಯಿತು. ಅಲ್ರಿಕ್ ನೈಸರ್ ಅನ್ನುವ ಮನೋವಿಜ್ಞಾನಿ ಮರುದಿನವೇ ವಿದ್ಯಾರ್ಥಿಗಳ ಕೈಯಲ್ಲಿ ಬರೆಸಿದರು: ಸುದ್ದಿ ಎಲ್ಲಿ ಕೇಳಿದಿರಿ, ಯಾರು ಹೇಳಿದರು, ಏನು ಮಾಡುತ್ತಿದ್ದಿರಿ. ಸುಮಾರು ಎರಡೂವರೆ ವರ್ಷದ ಮೇಲೆ ಅವರಲ್ಲಿ ಕೆಲವರನ್ನು ಮತ್ತೆ ಕೇಳಿದರು. ನಾಲ್ಕರಲ್ಲಿ ಒಂದು ಪಾಲಿನಷ್ಟು ಮಂದಿ ಎಲ್ಲವನ್ನೂ ತಪ್ಪು ಹೇಳಿದರು. ತಪ್ಪು ಹೇಳಿದವರಲ್ಲೂ ಬಹಳ ಮಂದಿಗೆ ತಮ್ಮ ನೆನಪಿನ ಮೇಲೆ ಗಟ್ಟಿ ನಂಬಿಕೆ ಇತ್ತು. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ. ಆ ಅಧ್ಯಯನ ಓದಿದಾಗ ನನಗೆ ಪಂಚರ್ ಅಂಗಡಿಯ ಹುಡುಗನ ಮುಖವೇ ಕಣ್ಣ ಮುಂದೆ ಬಂತು.

ಖಚಿತ ಅನ್ನಿಸುವುದು ಒಂದು, ಸರಿಯಾಗಿ ನೆನಪಿರುವುದು ಇನ್ನೊಂದು. ಒಮ್ಮೊಮ್ಮೆ ಎರಡೂ ಜೊತೆಗೆ ಇರುತ್ತವೆ. ಒಮ್ಮೊಮ್ಮೆ ಇರುವುದಿಲ್ಲ. ಯಾವಾಗ ಇರುವುದಿಲ್ಲ ಅನ್ನೋದು ನಮಗೆ ಒಳಗಿನಿಂದ ತಿಳಿಯುವುದಿಲ್ಲ. ಪ್ರತಿ ಸಲ ಹೇಳಿದಾಗಲೂ ಮಾತು ಇನ್ನಷ್ಟು ಸರಾಗವಾಗುತ್ತದೆ, ಸರಾಗ ಬಂದದ್ದನ್ನು ಮನಸ್ಸು ನಿಜ ಅಂತ ನಂಬುತ್ತದೆ.

"ನಾಲ್ಕು ಮಂದಿ ನಾಲ್ಕು ಥರ ಹೇಳಿದರೆ ಕೇಸು ಬಿದ್ದು ಹೋಗಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಸಣ್ಣ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಬೀಳುವುದಿಲ್ಲ. ಸಾಕ್ಷಿಯ ತಲೆಯಲ್ಲಿ ವಿಡಿಯೋ ಟೇಪು ಓಡುವುದಿಲ್ಲ, ಹೊತ್ತು ಎಷ್ಟಾಗಿತ್ತು ಅನ್ನುವುದನ್ನು ಜನ ಅಂದಾಜಿನ ಮೇಲೆ ಹೇಳುತ್ತಾರೆ, ಅಂಥ ಸಣ್ಣ ವ್ಯತ್ಯಾಸಕ್ಕೆ ಜಾಸ್ತಿ ತೂಕ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 1983ರಲ್ಲೇ ಗುಜರಾತಿನ ಒಂದು ಪ್ರಕರಣದಲ್ಲಿ ಹೇಳಿದೆ. ಇಷ್ಟೇ ಸಾಕ್ಷಿಗಳು ಬೇಕು ಅಂತಲೂ ಕಾನೂನಿನಲ್ಲಿ ಇಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇರಲಿಲ್ಲ, 2024ರ ಜುಲೈ 1ರಿಂದ ಜಾರಿಯಾದ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಇಲ್ಲ. ಕಂಡಷ್ಟು ಹೇಳುವ ಒಬ್ಬ ಸಾಕ್ಷಿ ಒಂದೇ ಪಾಠ ಒಪ್ಪಿಸುವ ನಾಲ್ವರಿಗಿಂತ ನಮಗೆ ಉಪಯೋಗ. ಮುಖ್ಯ ವಿಷಯದಲ್ಲೇ ಮಾತು ತಿರುಗಿದರೆ ಅದು ಬೇರೆ. ಅದನ್ನು ನಿಮ್ಮ ವಕೀಲರ ಹತ್ತಿರ ಮೊದಲೇ ಹೇಳಿ.

ಹೊಲದ ತಕರಾರಿನಲ್ಲೂ ಇದನ್ನೇ ಕಾಣುತ್ತೇನೆ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಹೊಲಗಳಿಗೆ ನುಗ್ಗಿತು. ನೀರು ಇಳಿದ ಮೇಲೆ ಬಾಂದು ಎಲ್ಲಿತ್ತು ಅಂತ ಅಣ್ಣತಮ್ಮಂದಿರು ಜಗಳಕ್ಕೆ ನಿಂತರು. ಇಬ್ಬರೂ ಅದೇ ಹೊಲದಲ್ಲಿ ಹುಟ್ಟಿ ಬೆಳೆದವರು, ಇಬ್ಬರೂ ಆಣೆ ಮಾಡುವವರು. ಅಂಥ ಕಡೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯವರು ಬಂದು ಅಳೆಯಲಿ ಅನ್ನುತ್ತೇನೆ. ಅಳತೆ ಆದ ಮೇಲೂ "ನನ್ನಪ್ಪ ಇಲ್ಲೇ ಕಲ್ಲು ನೆಟ್ಟಿದ್ದ" ಅಂತ ಅಳುವವರನ್ನು ನೋಡಿದ್ದೇನೆ. ಅವರನ್ನು ಬೈಯಲು ಮನಸ್ಸು ಬರುವುದಿಲ್ಲ.

ಏನಾದರೂ ಕಣ್ಣಿಗೆ ಬಿದ್ದರೆ ಅವತ್ತೇ ಬರೆದಿಡಿ. ಯಾರ ಹತ್ತಿರವೂ ಮಾತಾಡುವ ಮುಂಚೆ, ನಿಮ್ಮ ಕೈಯಿಂದ, ತಾರೀಖು ಹಾಕಿ. ಕಾಣದೇ ಇದ್ದದ್ದನ್ನೂ ಬರೆಯಿರಿ: ಬಣ್ಣ ಕಾಣಲಿಲ್ಲ, ನಂಬರು ಓದಲಿಲ್ಲ. ಘಟನೆಯ ಹೊತ್ತಿಗೇ ತಾನೇ ಬರೆದ ಚೀಟಿ ನೋಡಿ ನೆನಪು ತಾಜಾ ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ನಿಯಮ ಬೇರೆ, ಅದಕ್ಕೂ ಇದಕ್ಕೂ ಗಂಟು ಹಾಕಬೇಡಿ. ಬರೆಯಲು ಬಾರದವರು ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಕೋರ್ಟಿನಲ್ಲಿ ಅದು ನಡೆಯುತ್ತದೋ ಇಲ್ಲವೋ ಅನ್ನುವುದು ಕೇಸಿನ ಮೇಲೆ ಹೋಗುತ್ತದೆ, ಆದರೆ ನಿಮಗಂತೂ ನೀವು ಕಂಡದ್ದು ಉಳಿಯುತ್ತದೆ.

ನಿನ್ನೆ ಸಂಜೆ ಸೇಡಂ ಕಡೆಯ ಕಕ್ಷಿದಾರರೊಬ್ಬರ ಫೋನು ಬಂತು. "ಸೋಮವಾರ ಎಲ್ಲಾರ್ನೂ ಒಂದೇ ಗಾಡ್ಯಾಗ ಕರ್ಕೊಂಡ್ ಬರ್ತೀನ್ರಿ, ದಾರ್ಯಾಗ ಒಮ್ಮೆ ನೆನಪ್ ಮಾಡ್ಸಿದ್ರ ಆಯ್ತು" ಅಂದರು. ಗಾಡಿ ಒಂದೇ ಇರಲಿ, ದಾರಿಯುದ್ದಕ್ಕೂ ತೊಗರಿ ರೇಟು ಮಾತಾಡಿ, ಮಗಳ ಮದುವೆ ಮಾತಾಡಿ, ಆ ದಿನದ ಮಾತು ಮಾತ್ರ ಯಾರೂ ತೆಗೆಯಬೇಡಿ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಆಯ್ತ್ರಿ, ಆದ್ರ ನಮ್ಮ ಕಾಕಾ ಸುಮ್ನ ಕೂಡಂಗಿಲ್ರಿ" ಅಂದರು. ಕಾಕಾರನ್ನು ಡ್ರೈವರ್ ಪಕ್ಕ ಮುಂದೆ ಕೂಡಿಸಿ ಅಂತ ಹೇಳಿ ಫೋನ್ ಇಟ್ಟೆ.